ಬೆನ್ನ ಹಿಂದಿನ ದೋಣಿ

ಜೂನ್ ಮೊದಲ ವಾರದ ಒಂದು ಬೆಳಗ್ಗೆ. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಅಪ್ಪನ ಕಣ್ಣು ತೋರಿಸಲೆಂದು ಹೊರಟು, ವಿಕ್ರೋಳಿಯಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಸರ್ವಿಸ್ ರಸ್ತೆಯಲ್ಲಿ ರಿಕ್ಷಾಕ್ಕೆ ಕಾಯುತ್ತಿದ್ದೆವು. ಅಲ್ಲೇ ಬದಿಯಲ್ಲಿ ಒಂದು ಪಿಕಪ್ ಗಾಡಿ ನಿಂತಿತ್ತು. ಅದರ ಹಿಂದೆ ಎರಡು ಚಕ್ರದ ಟ್ರೈಲರ್, ಟ್ರೈಲರ್ ಮೇಲೆ ಅವಳಿ ಹೊಟ್ಟೆಯ ಒಂದು ಬಿಳಿ ಹಾಯಿದೋಣಿ. ಉದ್ದನೆಯ ಅಲ್ಯೂಮಿನಿಯಂ ಕೂವೆಮರ ಹಿಂದಕ್ಕೆ ಚಾಚಿಕೊಂಡಿತ್ತು, ತುದಿಗೆ ಕೆಂಪು ಬಟ್ಟೆ. ಚಾಲಕ ಪಕ್ಕದ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದ.

ನಾನು ಮೊಬೈಲ್ ನೋಡುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಪಕ್ಕದಲ್ಲಿಲ್ಲ. ಆ ಟ್ರೈಲರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಗಾಡಿಗೂ ಟ್ರೈಲರಿಗೂ ಕೊಂಡಿ ಬೀಳುವ ಜಾಗವನ್ನು ನೋಡುತ್ತಿದ್ದರು. ಅವರು ಏನು ಹುಡುಕುತ್ತಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ಹೋದ ವರ್ಷವಾಗಿದ್ದರೆ ಗೊತ್ತಾಗುತ್ತಿರಲಿಲ್ಲ. "ಬನ್ನಿ ಅಪ್ಪ, ತಡ ಆಗ್ತದೆ" ಎಂದು ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದೆ.

ಹೋದ ವರ್ಷದ ಕತೆ ಹೇಳುತ್ತೇನೆ.

ಅಕ್ಕ, ಭಾವ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಕ್ಕಳ ಬೇಸಿಗೆ ರಜೆಗೆಂದು ಅಪ್ಪನನ್ನು ಕರೆದುಕೊಂಡು ಮೂರು ವಾರ ಹೋಗಿದ್ದೆ. ಭಾವ ಆಗಷ್ಟೇ ಸೆಕೆಂಡ್ ಹ್ಯಾಂಡ್ ಮೋಟರ್ ಹೋಮ್ ಕೊಂಡಿದ್ದರು. 26 ಅಡಿ ಉದ್ದ, ಒಳಗೇ ಒಲೆ, ಫ್ರಿಜ್, ಹಾಸಿಗೆ, ಬಚ್ಚಲು. ತೂಕ ಐದು ಟನ್ನಿಗೂ ಜಾಸ್ತಿ. ಇಂಥದ್ದನ್ನು ಓಡಿಸಲು ಅಲ್ಲಿ ಬೇರೆ ಲೈಸೆನ್ಸು ಬೇಕಿಲ್ಲ. 40 ಅಡಿಯವರೆಗಿನ ಮೋಟರ್ ಹೋಮಿಗೆ ಮಾಮೂಲಿ ಕಾರಿನ ಲೈಸೆನ್ಸೇ ಸಾಕು. ಹಿಂದೆ ಸಣ್ಣ ಟ್ರೈಲರ್ ಕಟ್ಟಿಕೊಳ್ಳುವುದಕ್ಕೂ ಅದೇ ಸಾಕು. ಅಂದರೆ ನಿನ್ನೆವರೆಗೆ ಸಣ್ಣ ಕಾರು ಓಡಿಸುತ್ತಿದ್ದವರು ಇವತ್ತು ಒಂದು ಮನೆಯನ್ನೂ ಅದರ ಬೆನ್ನಿಗೊಂದು ದೋಣಿಯನ್ನೂ ಹೈವೇಗೆ ಇಳಿಸಬಹುದು.

ದೋಣಿಯನ್ನೂ ಭಾವ ಕೊಂಡಿದ್ದರು. ಹೋಬಿ 16 ಎಂಬ ಹೆಸರಿನ ಸಣ್ಣ ಕ್ಯಾಟಮರಾನ್. ಕ್ಯಾಟಮರಾನ್ ಎಂಬ ಶಬ್ದ ಕೇಳಿದ ಕೂಡಲೇ ನಮ್ಮವರಿಗೆ ಅರ್ಥ ಹೊಳೆಯಬೇಕು. ತಮಿಳಿನ ಕಟ್ಟುಮರಂ ಅದು, ಕನ್ನಡದಲ್ಲಿ ಹೇಳಿದರೂ ಕಟ್ಟು, ಮರ. ಕೋರಮಂಡಲ ತೀರದ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡುತ್ತಿದ್ದ ತೆಪ್ಪವನ್ನು ಕಂಡ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರ ತನ್ನ ಪ್ರವಾಸದ ಪುಸ್ತಕದಲ್ಲಿ ಈ ಶಬ್ದ ಬರೆದ. ಆಮೇಲೆ ಅದು ಎರಡು ಹೊಟ್ಟೆಗಳ ದೋಣಿಗೆ ಹೆಸರಾಗಿ ಕೂತಿತು. 1968ರಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ಎಂಬ ಸರ್ಫ್ ಹಲಗೆ ಮಾಡುವವರು 14 ಅಡಿಯ ಹಗುರ ಕ್ಯಾಟಮರಾನ್ ಮಾಡಿದರು. ಕಡಲ ದಂಡೆಯ ಮರಳಿನಿಂದಲೇ ತಳ್ಳಿ ಹೊರಡಬಹುದಾದ ದೋಣಿ. ಅದರ ಬೆನ್ನಿಗೇ ಬಂದ 16 ಅಡಿಯ ದೋಣಿ ಲೋಕವೆಲ್ಲ ಹರಡಿತು; ಇದುವರೆಗೆ ಒಂದು ಲಕ್ಷಕ್ಕೂ ಮಿಕ್ಕಿ ತಯಾರಾಗಿವೆ.

ಉದ್ದ ಸುಮಾರು 5 ಮೀಟರ್, ಅಗಲ 2.4 ಮೀಟರ್, ತೂಕ ಬರೀ 145 ಕಿಲೋ. ನಮ್ಮ ಬುಲೆಟ್ ಬೈಕಿಗಿಂತ ಹಗುರ. ಆದರೆ ಕೂವೆಮರ ಮಾತ್ರ 8 ಮೀಟರ್. ದೋಣಿಗಿಂತ ಮೂರು ಮೀಟರ್ ಉದ್ದ. ಈ ಮೂರು ಮೀಟರನ್ನು ನೆನಪಿಟ್ಟುಕೊಳ್ಳಿ, ಎಲ್ಲ ತಾಪತ್ರಯ ಶುರುವಾಗಿದ್ದು ಅಲ್ಲಿಂದ.

ಫ್ರೀಮಾಂಟ್‌ನಿಂದ ದಕ್ಷಿಣಕ್ಕೆ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬಲ್ಲಿಗೆ ಹೊರಟೆವು. ಅದು ಮನುಷ್ಯರೇ ಹೂಳೆತ್ತಿ ಮಾಡಿದ, ನಾಲ್ಕು ಸಾವಿರ ಎಕರೆಗೂ ಮಿಕ್ಕಿದ ಜಲಕ್ರೀಡೆಯ ಉದ್ಯಾನ. ಅಲೆಯ ಹೊಡೆತ ಕಡಿಮೆ, ಗಾಳಿ ಹದವಾಗಿರುತ್ತದೆ, ಹಾಯಿ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ದಾರಿ ಎಂಟುನೂರು ಕಿಲೋಮೀಟರಿನ ಹತ್ತಿರ. ಹಿಂದೆ ಏನನ್ನಾದರೂ ಎಳೆಯುವ ಗಾಡಿಗೆ ಆ ರಾಜ್ಯದಲ್ಲಿ ಗಂಟೆಗೆ 55 ಮೈಲಿಯ ಮಿತಿ. ನಮ್ಮ ಲೆಕ್ಕದಲ್ಲಿ 88 ಕಿ.ಮೀ.

ಹೋಗುವಾಗ ಏನೂ ಆಗಲಿಲ್ಲ. ಆಗಿದ್ದು ಮಿಷನ್ ಬೇ ಪಕ್ಕದ ಮೋಟರ್ ಹೋಮ್ ನಿಲ್ಲಿಸುವ ಜಾಗದಲ್ಲಿ. ಒಳಗೆ ಬಿಗಿಯಾದ ತಿರುವು. ಕೂವೆಮರದ ಮುಂದಿನ ತುದಿ ಟ್ರೈಲರಿನ ಮೂತಿಯನ್ನೂ ದಾಟಿ ಮುಂದಕ್ಕೆ ಚಾಚಿತ್ತಲ್ಲ, ಗಾಡಿ ತಿರುಗಿದಾಗ ಅದು ಹೋಗಿ ಮೋಟರ್ ಹೋಮಿನ ಹಿಂಗೋಡೆಗೆ ತಿವಿಯಿತು. ಮುಷ್ಟಿ ಗಾತ್ರದ ತಗ್ಗು. ಕಾರಿನ ಹಿಂದೆ ಕಟ್ಟಿದ್ದರೆ ಕೂವೆಮರ ಡಿಕ್ಕಿಯ ಮೇಲೆ ಗಾಳಿಯಲ್ಲೇ ಹಾದು ಹೋಗುತ್ತಿತ್ತು. ಮೋಟರ್ ಹೋಮಿನ ಹಿಂಭಾಗವೋ ನೆಟ್ಟಗೆ ನಿಂತ ಗೋಡೆ.

ಹಿಂದಕ್ಕೆ ಹೋಗುವುದಂತೂ ಇನ್ನೊಂದು ಪಾಡು. ದೋಣಿ 2.4 ಮೀಟರ್ ಅಗಲ, ಮೋಟರ್ ಹೋಮ್ ಅದಕ್ಕಿಂತ ಚೂರು ಹೆಚ್ಚೇ ಅಗಲ. ಕನ್ನಡಿಯಲ್ಲಿ ಎಷ್ಟು ಇಣುಕಿದರೂ ದೋಣಿ ಕಾಣುವುದಿಲ್ಲ. ಕಂಡಾಗ ಅದು ಆಗಲೇ ಅಡ್ಡ ತಿರುಗಿರುತ್ತದೆ. ಗಿಡ್ಡ ಟ್ರೈಲರ್ ರಿವರ್ಸಿನಲ್ಲಿ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ. ಎರಡು ಸಲ ಪ್ರಯತ್ನಿಸಿ, ಕೊನೆಗೆ ಕೊಂಡಿ ಕಳಚಿ ನಾನೂ ಭಾವನೂ ಕೈಯಲ್ಲೇ ತಳ್ಳಿ ಟ್ರೈಲರನ್ನು ಜಾಗಕ್ಕೆ ತಂದೆವು. ಇದೇ ಸರಿಯಾದ ವಿಧಾನ ಎಂದು ಪಕ್ಕದಲ್ಲಿ ಬಿಡಾರ ಹೂಡಿದ್ದ ಅಜ್ಜ ಒಬ್ಬರು ನಗುತ್ತಾ ಹೇಳಿದರು.

ಆ ಮೂರು ದಿನ ಚೆನ್ನಾಗಿದ್ದವು. ಅದನ್ನು ಹೇಳದಿದ್ದರೆ ಈ ಬರಹ ಬರೀ ಹೆದರಿಸಿದ ಹಾಗಾಗುತ್ತದೆ. ಎರಡು ಹೊಟ್ಟೆಗಳ ನಡುವೆ ಬಿಗಿದ ಬಲೆಯಂಥ ಹಾಸಿನ ಮೇಲೆ ಕೂತರೆ ನೀರು ಅಂಗಾಲಿಗೆ ತಾಗುತ್ತಿತ್ತು. ಗಾಳಿ ಬಂದಾಗ ಒಂದು ಹೊಟ್ಟೆ ನೀರು ಬಿಟ್ಟು ಮೇಲೇಳುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು. ಅಪ್ಪ ಲೈಫ್ ಜಾಕೆಟ್ ಹಾಕಿಕೊಂಡು ಮಧ್ಯದಲ್ಲಿ ಕೂತು, ಮೊದಲ ಹತ್ತು ನಿಮಿಷದಲ್ಲೇ ಹಗ್ಗ ಯಾವಾಗ ಸಡಿಲ ಬಿಡಬೇಕು ಎಂದು ಭಾವನಿಗೆ ಹೇಳತೊಡಗಿದರು.

ಅಪ್ಪ ಗಂಗೊಳ್ಳಿಯವರು. 1971ರಲ್ಲಿ, 17ರ ಹರೆಯದಲ್ಲಿ ಬೊಂಬಾಯಿಗೆ ಬಂದು ಹೋಟೆಲು ಸೇರಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ವಿಕ್ರೋಳಿಯ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಅದಕ್ಕೂ ಮೊದಲು ಊರಲ್ಲಿ ಅವರು ರಂಪಣಿ ಎಳೆದವರು. ಹತ್ತಾರು ಜನ ದಂಡೆಯಲ್ಲಿ ನಿಂತು ಎರಡೂ ಕಡೆಯಿಂದ ಬಲೆ ಎಳೆಯುವ ಆ ಮೀನುಗಾರಿಕೆ ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ದೋಣಿಗಳು ಹೆಚ್ಚಿದ ಮೇಲೆ ಸೋತುಹೋಯಿತು. ದೋಣಿಯಲ್ಲಿ ಭಾರ ಎಲ್ಲಿಡಬೇಕು, ಎಲ್ಲಿ ಇಡಬಾರದು ಎಂಬುದು ಅವರಿಗೆ ಓದಿ ಬಂದ ವಿದ್ಯೆಯಲ್ಲ.

ಹೊರಡುವ ದಿನ ಬೆಳಗ್ಗೆ ಭಾವ ಕೂವೆಮರವನ್ನು ಮೂರು ಅಡಿ ಹಿಂದಕ್ಕೆ ಸರಿಸಿ ಕಟ್ಟಿದರು. ಮತ್ತೆ ಗೋಡೆಗೆ ತಿವಿಯಬಾರದಲ್ಲ. ಹೊರಚಾಚಿದ ತುದಿಗೆ ಅಲ್ಲಿನ ನಿಯಮದ ಪ್ರಕಾರ ಕೆಂಪು ಬಟ್ಟೆ ಕಟ್ಟಿದರು. ನಾನು ಒದ್ದೆ ಹಾಯಿಗಳ ಚೀಲ, ಮರಳಲ್ಲಿ ದೋಣಿ ಉರುಳಿಸುವ ಗಾಲಿಗಳು, ಐಸ್ ಪೆಟ್ಟಿಗೆ ಎಲ್ಲವನ್ನೂ ದೋಣಿಯ ಹಾಸಿನ ಮೇಲೆ ಹಿಂತುದಿಯಲ್ಲಿ ಇಟ್ಟು ಬಿಗಿದೆ. ಬರುವಾಗ ಇವೆಲ್ಲ ಮೋಟರ್ ಹೋಮಿನ ಒಳಗಿದ್ದವು. ಈಗ ಉಪ್ಪುನೀರು, ಮರಳು ಮೆತ್ತಿದ್ದರಿಂದ ಒಳಗೆ ತರಬೇಡಿ ಎಂದು ಅಕ್ಕ ಹೇಳಿದ್ದಳು.

ಕೊಂಡಿ ಹಾಕುವ ಮೊದಲು ಅಪ್ಪ ಟ್ರೈಲರಿನ ಮೂತಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು. ಸಲೀಸಾಗಿ ಎದ್ದಿತು.

"ಹೋಯ್, ಇದ್ರ್ ಮೂತಿ ಹಗುರಾಯ್ತಲೆ. ಭಾರ ಮುಂದ್ ಇರ್ಕ್" ಎಂದರು.

"ಮಾವ, ಎಳೆಯೋ ಗಾಡಿ ಐದು ಟನ್ ಇದೆ. ಈ ದೋಣಿ ಹಿಂದೆ ಇರೋದು ಅದಕ್ಕೆ ಗೊತ್ತೇ ಆಗಲ್ಲ" ಎಂದರು ಭಾವ, ಗೌರವದಿಂದಲೇ.

"ಅಪ್ಪ, ಹತ್ತಿ. ಟ್ರಾಫಿಕ್ ಆಗ್ತದೆ" ಎಂದೆ ನಾನು, ಅಷ್ಟು ಗೌರವವಿಲ್ಲದೆ.

ಅಪ್ಪ ಹತ್ತಿದರು. ಹಿಂದಿನ ಕಿಟಕಿ ಕಾಣುವ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

ಲಾಸ್ ಏಂಜಲೀಸ್ ದಾಟಿ ಉತ್ತರಕ್ಕೆ ಹೋದರೆ ಟೆಹೋನ್ ಪಾಸ್ ಎಂಬ ಘಾಟಿ ಸಿಗುತ್ತದೆ. ಎತ್ತರ 4,144 ಅಡಿ. ಅಲ್ಲಿಂದ ಬಯಲಿಗೆ ಇಳಿಯುವ ಗ್ರೇಪ್‌ವೈನ್ ಎಂಬ ಇಳಿಜಾರು ಸುಮಾರು ಎಂಟು ಕಿಲೋಮೀಟರ್, 100 ಅಡಿಗೆ 6 ಅಡಿ ಇಳುಕಲು. ನಮ್ಮ ಖಂಡಾಲಾ ಘಾಟಿಯ ಹಾಗೆ ತಿರುವುಗಳಿಲ್ಲ, ನೇರ ಅಗಲ ರಸ್ತೆ. ಅದೇ ಮೋಸ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿ ತುಂಬಿದ ಕವಲುದಾರಿಗಳನ್ನೇ ಅಲ್ಲಿ ಮಾಡಿಟ್ಟಿದ್ದಾರೆ.

ಇಳಿಜಾರಿನಲ್ಲಿ ಭಾವನಿಗೆ ಗೊತ್ತಾಗದ ಹಾಗೆ ವೇಗ ಏರಿತ್ತು. ನಾನು ಪಕ್ಕದಲ್ಲಿ ಕೂತು ನೋಡಿದಾಗ ಮೀಟರ್ 62 ತೋರಿಸುತ್ತಿತ್ತು, ಅಂದರೆ 100 ಕಿ.ಮೀ. ಒಂದು ದೊಡ್ಡ ಲಾರಿ ನಮ್ಮನ್ನು ದಾಟಿಕೊಂಡು ಹೋಯಿತು. ಅದರ ಗಾಳಿ ಬಡಿಯಿತು. ಸ್ಟಿಯರಿಂಗಿಗೆ ಏನೂ ಆದಂತಿರಲಿಲ್ಲ.

ಹಿಂದಿನಿಂದ ಅಪ್ಪನ ಕೂಗು. "ಹೋಯ್! ದೋಣಿ ಕುಣೀತಿತ್ತ್ ಕಾಣ್!"

ಎದ್ದು ನೋಡಲಾಗದು, ಬೆಲ್ಟ್ ಬಿಗಿದಿತ್ತು. ಬಲಗಡೆಯ ಕನ್ನಡಿ ನೋಡಿದೆ. ಅಲ್ಲಿಯವರೆಗೆ ಎಂದೂ ಕಾಣದಿದ್ದ ದೋಣಿ ಕನ್ನಡಿಯಲ್ಲಿ ಕಂಡಿತು. ಮರುಕ್ಷಣ ಮಾಯವಾಯಿತು. ಮತ್ತೆ ಕಂಡಿತು, ಈ ಸಲ ಇನ್ನೂ ಜಾಸ್ತಿ. ಎಡಕ್ಕೆ ಬಲಕ್ಕೆ ಹಾವಿನಂತೆ ಹೊಡೆಯುತ್ತಿತ್ತು. ಅಷ್ಟು ಹೊತ್ತಿಗೆ ಮೋಟರ್ ಹೋಮಿನ ಹಿಂಬದಿಯೂ ಅದರ ಜೊತೆ ಸಣ್ಣಗೆ ಆಡತೊಡಗಿತ್ತು. ಒಳಗೆ ಪಾತ್ರೆ ಕಪಾಟಿನ ಬಾಗಿಲು ತೆರೆದುಕೊಂಡಿತು. ಅಕ್ಕ ಎರಡೂ ಕೈಯಿಂದ ಮಕ್ಕಳನ್ನು ಒತ್ತಿ ಹಿಡಿದಳು.

ಭಾವ ಮೊದಲು ಬ್ರೇಕ್ ಒತ್ತಿದರು, ಅದು ಸಹಜ. ಒತ್ತಿದೊಡನೆ ಕುಣಿತ ಹೆಚ್ಚಿತು. ಮುಂದಿನ ಗಾಡಿ ನಿಧಾನವಾದಾಗ ಬ್ರೇಕಿಲ್ಲದ ಹಿಂದಿನ ಟ್ರೈಲರ್ ಅದನ್ನು ದೂಡುತ್ತದೆ. ಅಡ್ಡ ನಿಂತಿದ್ದರೆ ಅಡ್ಡವೇ ದೂಡುತ್ತದೆ. ಭಾವ ಕೂಡಲೇ ಕಾಲು ತೆಗೆದರು. ಸ್ಟಿಯರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ಸರಿಪಡಿಸಲು ಹೋಗದೆ ನೆಟ್ಟಗೆ ಬಿಗಿಹಿಡಿದು ಗೇರ್ ಇಳಿಸಿದರು. ಇಂಜಿನ್ ಗರ್ಜಿಸಿತು. ವೇಗ 55ಕ್ಕೆ, 50ಕ್ಕೆ, 45ಕ್ಕೆ ಇಳಿಯಿತು. ಕುಣಿತ ಸಣ್ಣದಾಗುತ್ತಾ ಬಂದು ನಿಂತಿತು. ಎಲ್ಲ ಸೇರಿ ಹದಿನೈದು ಸೆಕೆಂಡು ಇರಬಹುದು.

ಘಾಟಿಯ ಕೆಳಗೆ ಪೆಟ್ರೋಲ್ ಪಂಪಿನ ಪಕ್ಕ ಗಾಡಿ ನಿಲ್ಲಿಸಿದೆವು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಭಾವನಿಗೆ "ಅಪ್ಪ ಹೇಳಿದ್ರಲ್ಲ?" ಎಂದಳು, ಅಷ್ಟೇ. ಅದು ನನಗೂ ಸೇರಿದ ಮಾತು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಇಂಜಿನಿಯರಿಂಗ್ ಓದಿದ್ದು, ಮೇಲೆ ಇನ್ನೊಂದು ಮಾಸ್ಟರ್ಸ್ ಡಿಗ್ರಿ ಮಾಡಿದ್ದು ಎಲ್ಲ ಈ ಹೊತ್ತಿಗೆ ನೆನಪಾಯಿತು. ದೋಣಿ, ಟ್ರೈಲರ್, ಸಾಮಾನು ಸೇರಿ 320 ಕಿಲೋ ಎಂದಿಟ್ಟುಕೊಳ್ಳಿ. ಟ್ರೈಲರಿನ ಒಟ್ಟು ಭಾರದಲ್ಲಿ 100ಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು ಎಂಬುದು ಎಲ್ಲರೂ ಒಪ್ಪುವ ಲೆಕ್ಕ. ಅಂದರೆ 32ರಿಂದ 48 ಕಿಲೋ. ಹೋಗುವಾಗ ನಮ್ಮದು 35ರ ಆಸುಪಾಸು ಇದ್ದಿರಬೇಕು. ಸುಮಾರು 20 ಕಿಲೋದ ಕೂವೆಮರವನ್ನು ಮೂರು ಅಡಿ ಹಿಂದೆ ಸರಿಸಿದ್ದಕ್ಕೆ 5 ಕಿಲೋ ಹೋಯಿತು. ನಾನು ಅಚ್ಚಿನಿಂದ ಎರಡು ಮೀಟರ್ ಹಿಂದೆ ಕಟ್ಟಿದ 35 ಕಿಲೋ ಸಾಮಾನು ತಕ್ಕಡಿಯ ಹಾಗೆ ಮೂತಿಯನ್ನು ಎತ್ತಿ ಇನ್ನೊಂದು 20 ಕಿಲೋ ಕಳೆಯಿತು. ಉಳಿದದ್ದು 10 ಕಿಲೋ. ಭಾವನ ತಪ್ಪು 5 ಕಿಲೋದ್ದು, ನನ್ನದು 20 ಕಿಲೋದ್ದು. ಲೆಕ್ಕ ಭಾವನಿಗೆ ತೋರಿಸಿದೆ.

ಮೂತಿ ಹಗುರಾದ ಟ್ರೈಲರ್ ಕಡಿಮೆ ವೇಗದಲ್ಲಿ ಸುಮ್ಮನಿರುತ್ತದೆ. ವೇಗ ಒಂದು ಮಿತಿ ದಾಟಿದ ಮೇಲೆ ಒಂದು ಸಣ್ಣ ತಳ್ಳು ಸಾಕು, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ಮೋಟರ್ ಹೋಮಿನಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕೆಂದರೆ ಅದರ ಹಿಂದಿನ ಚಕ್ರಗಳಿಗೂ ಕೊಂಡಿಗೂ ನಡುವೆ ತುಂಬಾ ದೂರ. ಗಾಡಿಯ ಬೆನ್ನು ಒಂದು ಗೇಣು ಆಡಿದರೂ ಕೊಂಡಿ ಅದಕ್ಕಿಂತ ಹೆಚ್ಚು ಆಡುತ್ತದೆ. "ಹಿಂದೆ ಇರೋದು ಗೊತ್ತೇ ಆಗಲ್ಲ" ಎಂದು ಭಾವ ಧೈರ್ಯ ಹೇಳಿದ್ದರಲ್ಲ, ಅಪಾಯ ಇದ್ದದ್ದೇ ಅದರಲ್ಲಿ. ಭಾರದ ಟ್ರೈಲರಾದರೆ ಮುಂದಿನ ಗಾಡಿಯನ್ನು ಜಗ್ಗಿ ತಾನಿದ್ದೇನೆಂದು ಹೇಳುತ್ತದೆ. ಹಗುರದ್ದು ಹೇಳುವುದಿಲ್ಲ. ಟೈರು ಒಡೆದರೂ, ಪಟ್ಟಿ ಸಡಿಲಾದರೂ ಚಾಲಕನ ಕೈಗೆ ಸುದ್ದಿ ಬರುವುದಿಲ್ಲ.

ಮರುದಿನ ಭಾವ ಬಚ್ಚಲಮನೆಯಲ್ಲಿ ಮೈತೂಕ ನೋಡುವ ಯಂತ್ರವೊಂದನ್ನು ಕೊಂಡು ತಂದರು. ಟ್ರೈಲರಿನ ಮೂತಿಯನ್ನು ಅದರ ಮೇಲೆ ಇಟ್ಟು, ಅಪ್ಪ "ಸಾಕ್" ಎನ್ನುವ ತನಕ ಸಾಮಾನನ್ನು ಮುಂದೆ ಮುಂದೆ ಸರಿಸಿದೆವು. ಮುಳ್ಳು 38ಕ್ಕೆ ನಿಂತಿತು. ಗೋಡೆಗೆ ತಿವಿಯದಂತೆ ಟ್ರೈಲರಿನ ಮೂತಿಯ ಕಂಬಿಯನ್ನೇ ಆಮೇಲೆ ಉದ್ದ ಮಾಡಿಸಿಕೊಂಡರು. ಸದಾ ದೋಣಿ ಕಾಣುವಂತೆ ಹಿಂದೊಂದು ಕ್ಯಾಮೆರಾ ಬಂತು.

ಈ ಅಂಕಣ ಓದುವವರಲ್ಲಿ ಅನೇಕರು ಮಕ್ಕಳನ್ನೋ ಅಕ್ಕತಂಗಿಯರನ್ನೋ ನೋಡಲು ಹೊರದೇಶಕ್ಕೆ ಹೋಗಿ ಇಂಥ ಗಾಡಿ ಹತ್ತುವವರು. ನಾನು ಕಲಿತ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ. ಟ್ರೈಲರಿನ ಸಣ್ಣ ಚಕ್ರ ಮೋಟರ್ ಹೋಮಿನ ಚಕ್ರಕ್ಕಿಂತ ಬಹಳ ಹೆಚ್ಚು ಸುತ್ತು ಸುತ್ತುತ್ತದೆ, ಗುಂಬ ಕಾಯುತ್ತದೆ. ಬಂದ ಕೂಡಲೇ ಬಿಸಿ ಗುಂಬವನ್ನು ತಣ್ಣನೆಯ ಉಪ್ಪುನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ಮೊದಲು ಚಹಾ ಕುಡಿಯಿರಿ, ಕೈ ಇಟ್ಟು ನೋಡಿ, ತಣಿದ ಮೇಲೆ ಇಳಿಸಿ. ಎರಡನೆಯದು ಇನ್ನೂ ಮುಖ್ಯ. ಕೂವೆಮರ ಎತ್ತಿ ನಿಲ್ಲಿಸುವ ಮೊದಲು ಮೇಲೆ ನೋಡಿ. ವಿದ್ಯುತ್ ತಂತಿಗೆ ತಾಗಿ ಜನ ಸತ್ತದ್ದಿದೆ. ಅದಕ್ಕೇ 1980ರ ದಶಕದಲ್ಲಿ ಹೋಬಿ ದೋಣಿಗಳ ಕೂವೆಮರದ ಮೇಲ್ತುದಿಯನ್ನು ಲೋಹವಲ್ಲದ ವಸ್ತುವಿನಲ್ಲಿ ಮಾಡತೊಡಗಿದರು. ನಮ್ಮ ಲೋಕಲ್ ರೈಲಿನ 25,000 ವೋಲ್ಟ್ ತಂತಿಯ ಕೆಳಗೆ ದಿನಾ ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಮರಳಿದ ಮೇಲೆ ಅಪ್ಪ ಒಮ್ಮೆ, "ಅಂಥದ್ದೊಂದ್ ನಮ್ಗೆ ಇಲ್ಲಿ ಆತಿಲ್ಯಾ?" ಎಂದು ಕೇಳಿದ್ದರು. ಕಾನೂನು ಅಡ್ಡ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರಿಗೆ ಜಾಗವಿದೆ, ನೋಂದಣಿ ಮಾಡಿಸಬೇಕು. 750 ಕಿಲೋ ಒಳಗಿನವು ಟಿ1 ಎಂಬ ವರ್ಗ. ರಸ್ತೆಯ ಅಗಲದ ಮಿತಿ 2.6 ಮೀಟರ್, ದೋಣಿ ಅದರೊಳಗೆ ಹಿಡಿಯುತ್ತದೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನೂ ತಂದಿದೆ. ಹಾಯಿಯೂ ಈ ಊರಿಗೆ ಹೊಸತಲ್ಲ. ರಾಯಲ್ ಬಾಂಬೆ ಯಾಟ್ ಕ್ಲಬ್ ಶುರುವಾದದ್ದು 1846ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಹಾಯಿ ಸ್ಪರ್ಧೆ ನಡೆದದ್ದು ಇಲ್ಲೇ. ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಚಿನ್ನ ಗೆದ್ದರು. 2018ರಲ್ಲಿ ಜಕಾರ್ತಾದಲ್ಲಿ ವರ್ಷಾ ಗೌತಮ್ ಜೊತೆ ಬೆಳ್ಳಿ ಗೆದ್ದ ಶ್ವೇತಾ ಶೇರ್ವೆಗಾರ್ ಹೆಸರು ಟಿವಿಯಲ್ಲಿ ಬಂದಾಗ, "ಶೇರ್ವೆಗಾರ್ ಅಂದ್ರೆ ನಮ್ ಬದಿ ಹೆಸ್ರ್" ಎಂದು ಅಪ್ಪ ಸೊಸೈಟಿಯೆಲ್ಲ ಹೇಳಿಕೊಂಡು ಬಂದಿದ್ದರು.

ಇಲ್ಲದ್ದು ಜಾಗ. ನಮ್ಮ ಸೊಸೈಟಿಯಲ್ಲಿ ಸ್ಕೂಟರಿಗೆ ಜಾಗ ಸಿಕ್ಕಿದ್ದೇ ಆರು ವರ್ಷದ ಮೇಲೆ. ಹೈವೇಯ ಆಚೆ ಠಾಣೆ ಖಾರಿಯ ಉಪ್ಪುನೀರು ಕೂಗಳತೆಯಲ್ಲಿದೆ ನಿಜ, ಆದರೆ ನಡುವೆ ಕಾಂಡ್ಲಾ ಕಾಡು, ಇಳಿತದ ಹೊತ್ತಿಗೆ ಮೊಣಕಾಲು ಮುಳುಗುವ ಕೆಸರು. ಅದು ದೋಣಿ ತಳ್ಳುವ ದಂಡೆಯಲ್ಲ, ಫ್ಲೆಮಿಂಗೊಗಳ ಊಟದ ತಟ್ಟೆ. ಹಾಗೇ ಇರಲಿ.

ಆ ಜೂನ್ ಬೆಳಗ್ಗೆಗೆ ಬರುತ್ತೇನೆ. ಚಹಾ ಮುಗಿಸಿ ಚಾಲಕ ಬಂದ. ಮಾರ್ವೆ ಕಡೆಯಿಂದ ಬರುತ್ತಿದ್ದಾನೆ, ಹೈದರಾಬಾದಿಗೆ ಹೋಗಬೇಕು. ಮಳೆಗಾಲದಲ್ಲಿ ಮುಂಬಯಿ ಕಡಲಲ್ಲಿ ಹಾಯಿ ಬಿಡಲಾಗದು, ಹುಸೇನ್ ಸಾಗರದ ಸ್ಪರ್ಧೆಗಳ ಕಾಲ ಅದು. ಅಪ್ಪ ಮರಾಠಿಯಲ್ಲಿ ಅವನಿಗೆ ದೋಣಿಯ ಹಿಂತುದಿಯಲ್ಲಿ ಕಟ್ಟಿದ್ದ ಎರಡು ದೊಡ್ಡ ಚೀಲಗಳನ್ನು ತೋರಿಸಿದರು. ಅವನು ಮೊದಲು ನನ್ನ ಮುಖ ನೋಡಿದ, ಈ ಮುದುಕರ ಮಾತು ಕೇಳಬೇಕೋ ಬೇಡವೋ ಎಂಬಂತೆ.

"ಕೇಳು ಭಾವೂ" ಎಂದೆ.

ಮೂವರೂ ಸೇರಿ ಚೀಲಗಳನ್ನು ಬಿಚ್ಚಿ ಪಿಕಪ್ಪಿನ ಒಳಗೆ ಹಾಕಿದೆವು. ಅಪ್ಪ ಕೊಂಡಿಯ ಸರಪಳಿಗಳನ್ನು ಎಳೆದು ನೋಡಿ, ಕೈ ಒರೆಸಿಕೊಂಡರು. ಕಣ್ಣಿನ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ನಮ್ಮ ನಂಬರ್ ದಾಟಿಹೋಗಿತ್ತು. ಒಂದೂವರೆ ಗಂಟೆ ಕಾದೆವು.